ವಯಸ್ಸಾದವರಿಗೆ ಪದಗಳು ನೆನಪಾಗದಿರುವುದು ಡಿಮೆನ್ಷಿಯಾದ ಲಕ್ಷಣವೇ?

ವಿಜಯಪುರದಲ್ಲಿರುವ ನಿಮ್ಮ ತಾಯಿಯವರು ಜೋಳದ ಹಿಟ್ಟು ಸಾಣಿಸಲು ಕುಳಿತಾಗ ‘ಸಾಣಿಗೆ’ ಎಂಬ ಪದ ಸಿಗದೆ ತಡವರಿಸುತ್ತಾರೆ, ಇದು ಡಿಮೆನ್ಷಿಯಾದ, ಅಂದರೆ ನೆನಪು ಮತ್ತು ಯೋಚನಾಶಕ್ತಿ ಕುಂದುತ್ತ ಹೋಗುವ ಕಾಯಿಲೆಯ, ಆರಂಭವೇ ಎಂದು ಕೇಳಿದ್ದೀರಿ. ಅಷ್ಟರಿಂದಲೇ ಹಾಗೆನ್ನಲಾಗದು.

ಮನೋವಿಜ್ಞಾನಿ ಎಂಡೆಲ್ ಟಲ್ವಿಂಗ್ 1972ರಲ್ಲಿ ಘಟನೆಗಳ ನೆನಪಿನಿಂದ ಬೇರ್ಪಡಿಸಿ ವಿವರಿಸಿದ ಅರ್ಥಸ್ಮೃತಿ, ಅಂದರೆ ಪದಗಳ ಮತ್ತು ವಸ್ತುಗಳ ಕುರಿತ ನಮ್ಮ ತಿಳಿವಳಿಕೆ, ಆರೋಗ್ಯವಂತ ಮುಪ್ಪಿನಲ್ಲಿ ಬಹುಮಟ್ಟಿಗೆ ಉಳಿದಿರುತ್ತದೆ. ಸಡಿಲವಾಗುವುದು ಅರ್ಥದಿಂದ ಉಚ್ಚಾರಣೆಗೆ ಸಾಗುವ ಕೊಂಡಿ. ಆದ್ದರಿಂದಲೇ ಪದ ನಾಲಿಗೆಯ ತುದಿಯಲ್ಲಿಯೇ ನಿಲ್ಲುತ್ತದೆ, ಅದರಲ್ಲೂ ವ್ಯಕ್ತಿಗಳ ಹೆಸರುಗಳು ಹೆಚ್ಚಾಗಿ ಕೈಕೊಡುತ್ತವೆ, ಮತ್ತು ‘ಸಾ’ ಎಂದು ಮೊದಲಕ್ಷರ ಎತ್ತಿಕೊಟ್ಟರೆ ಪದ ಅನೇಕ ವೇಳೆ ಥಟ್ಟನೆ ಹೊರಬರುತ್ತದೆ.

ಆತಂಕಪಡಬೇಕಾದದ್ದು ಅರ್ಥವೇ ಸವೆಯತೊಡಗಿದಾಗ. ಮಿದುಳಿನ ಟೆಂಪೊರಲ್ ಹಾಲೆಯ (ಕಿವಿಯ ಬಳಿಯ ಪಾರ್ಶ್ವಭಾಗದ) ಮುಂಭಾಗ ಕ್ಷೀಣಿಸುವ ಸೆಮ್ಯಾಂಟಿಕ್ ಡಿಮೆನ್ಷಿಯಾದಲ್ಲಿ ಮಾತು ಸರಾಗವಾಗಿಯೇ ಇರುತ್ತದೆ. ಆದರೆ ಗಿಳಿ, ಗುಬ್ಬಿಗಳೆಲ್ಲ ಬರಿಯ ‘ಹಕ್ಕಿ’ಯಾಗುತ್ತವೆ, ಮೊದಲಕ್ಷರ ಕೊಟ್ಟರೂ ಪ್ರಯೋಜನವಾಗುವುದಿಲ್ಲ, ಕೊನೆಗೆ ‘ಸಾಣಿಗೆ ಅಂದ್ರ ಏನು?’ ಎಂಬ ಮರುಪ್ರಶ್ನೆಯೇ ಬರಬಹುದು. ಡಿಮೆನ್ಷಿಯಾದ ಅತಿ ಸಾಮಾನ್ಯ ಕಾರಣವಾದ ಅಲ್ಝೈಮರ್ ಕಾಯಿಲೆಯಲ್ಲಿ ಇತ್ತೀಚಿನ ಘಟನೆಗಳ ಮರೆವು ಸಾಮಾನ್ಯವಾಗಿ ಮುಂಚೂಣಿಯಲ್ಲಿರುತ್ತದೆ. ಜೊತೆಗೆ, ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳಬಲ್ಲಿರಿ ಎಂಬ ಸರಳ ಪರೀಕ್ಷೆಯಲ್ಲಿ ಪಟ್ಟಿ ಬೇಗನೆ ಬತ್ತುತ್ತದೆ.

ಇಂಥ ಚಿಹ್ನೆ ಕಂಡರೆ, ‘ವಯಸ್ಸಾಯಿತು, ಇರಲಿ’ ಎಂದು ದಯವಿಟ್ಟು ಸುಮ್ಮನಿರಬೇಡಿ. ಥೈರಾಯ್ಡ್ ಕೊರತೆ, ಬಿ12 ಕೊರತೆ, ಖಿನ್ನತೆಗಳೂ ಮರೆವು ತರುತ್ತವೆ, ಅವುಗಳಿಗೆ ಚಿಕಿತ್ಸೆಯಿದೆ. ತಪ್ಪಿದ ಪದಗಳನ್ನೂ ಅವುಗಳ ಬದಲಿಗೆ ಅವರು ಆಡಿದ ಮಾತನ್ನೂ ಬರೆದಿಟ್ಟುಕೊಂಡು ನರರೋಗ ತಜ್ಞರಿಗೆ ತೋರಿಸಿ.