ತಗೊಂಡ್ರೆ ಅದು ಬರಲ್ಲ, ಬಿಟ್ರೆ ಇದು ಬರಲ್ಲ

ಮಾತ್ರೆಯ ಅಡ್ಡಪರಿಣಾಮ ಅಂತ ಗೊತ್ತಾಗದೆ ಗಂಡ ಹೆಂಡತಿ ದೂರವಾಗಿ ನನ್ನ ಹತ್ತಿರ ಬಂದದ್ದು, ಒಂದೇ ವರ್ಷದಲ್ಲಿ ಇದು ಮೂರನೆಯದು. ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಅವರನ್ನು ಮೇಷ್ಟ್ರು ಅಂತಲೇ ಕರೆಯೋಣ.

ಮೇಷ್ಟ್ರಿಗೆ 62. ಕರೆದುಕೊಂಡು ಬಂದದ್ದು ಅವರ ಹೆಂಡತಿ. “ಆರು ತಿಂಗಳಿಂದ ಇವರು ಹಜಾರದಲ್ಲಿ ಮಲಗ್ತಾರೆ. ನನ್ನಿಂದ ಏನು ತಪ್ಪಾಯ್ತೋ ಗೊತ್ತಿಲ್ಲ” ಅಂದರು. ನಿವೃತ್ತಿಯ ಬೇಸರ ಇರಬೇಕು ಅಂದುಕೊಂಡು ನಾನು ಎರಡು ಭೇಟಿ ಹಾಳು ಮಾಡಿದೆ.

ಮೂರನೇ ಸಲ ಅವರೊಬ್ಬರನ್ನೇ ಕೂರಿಸಿಕೊಂಡು ಕೇಳಿದೆ, “ಏನಾದ್ರೂ ಮಾತ್ರೆ ತಗೋತಿದ್ದೀರಾ?” ಜೇಬಿನಿಂದ ಕರ್ಚೀಫು ತೆಗೆದು ಬಿಚ್ಚಿದರು. ಒಳಗೆ ಪ್ರಾಸ್ಟೇಟ್ (ಗಂಡಸರ ಮೂತ್ರಕೋಶದ ಕೆಳಗಿನ ಗ್ರಂಥಿ) ಊತಕ್ಕೆ ಕೊಡುವ ಸೈಲೊಡೋಸಿನ್, 8 ಮಿ.ಗ್ರಾಂ. ಸ್ಟ್ರಿಪ್ಪಿನ ಹಿಂದೆ ಪೆನ್ನಿನಲ್ಲಿ ವಾರಗಳ ಹೆಸರು. ಸೋಮವಾರದ್ದು ಖಾಲಿ, ಮಂಗಳವಾರದ್ದು ಹಾಗೇ ಇದೆ, ಬುಧವಾರದ್ದು ಖಾಲಿ.

“ಏನ್ ಮಾಡ್ಲಿ ಮೇಡಂ? ತಗೊಂಡ್ರೆ ಅದು ಬರಲ್ಲ, ಬಿಟ್ರೆ ಇದು ಬರಲ್ಲ.”

ನನಗೆ ನಗು ಬಂತು. ಅವರೂ ನಕ್ಕರು. ಆಮೇಲೆ ಕಣ್ಣು ಒರೆಸಿಕೊಂಡರು. ನಲವತ್ತು ತೊಟ್ಟು ರಕ್ತ ಸೇರಿದರೆ ಒಂದು ತೊಟ್ಟು ವೀರ್ಯ ಅಂತ ಕೇಳಿ ಬೆಳೆದವರು. ವೀರ್ಯವೇ ಬರುತ್ತಿಲ್ಲ ಅಂದ ಮೇಲೆ ಒಳಗೆ ರಕ್ತವೇ ಬತ್ತಿದೆ ಅಂತ ತೀರ್ಮಾನಿಸಿದ್ದರು. ಆಸೆ ಇತ್ತು, ಗಡಸುತನವೂ ಇತ್ತು. ಹೆಂಡತಿಗೆ ಗೊತ್ತಾದೀತೆಂದು ಹಾಸಿಗೆಯನ್ನೇ ಬಿಟ್ಟಿದ್ದರು.

ಪೇಪರಿನ ಮೇಲೆ ಚಿತ್ರ ಬರೆದು ತೋರಿಸಿದೆ. ಮೂತ್ರ ಸಲೀಸಾಗಿ ಹೋಗಲಿ ಅಂತ ಈ ಔಷಧಿ ಪ್ರಾಸ್ಟೇಟ್ ಮತ್ತು ಮೂತ್ರಕೋಶದ ಬಾಯಿಯ ಸ್ನಾಯುಗಳನ್ನು ಸಡಿಲಿಸುತ್ತದೆ. ವೀರ್ಯ ಹೊರಗೆ ಬರಲು ಅದೇ ಬಾಯಿ ಬಿಗಿಯಾಗಬೇಕು. ಬಿಗಿಯಾಗದಿದ್ದರೆ ವೀರ್ಯ ಹಿಂದಕ್ಕೆ, ಮೂತ್ರಕೋಶದೊಳಗೆ ಹೋಗಬಹುದು, ಅಥವಾ ಬರುವುದೇ ಕಡಿಮೆಯಾಗಬಹುದು. ಅಮೆರಿಕದ ಪ್ರಯೋಗಗಳಲ್ಲಿ ನೂರಕ್ಕೆ ಸುಮಾರು 28 ಜನರಿಗೆ ಹೀಗಾಗಿತ್ತು. ಇದರಿಂದ ಅಪಾಯವಿಲ್ಲ, ಔಷಧಿ ನಿಲ್ಲಿಸಿದರೆ ಸರಿಹೋಗುತ್ತದೆ.

“ಇಷ್ಟೇನಾ? ಮೊದಲೇ ಹೇಳಬಾರದಿತ್ತಾ?” ಅಂದರು.

ಹೇಳಬೇಕಿತ್ತು. ನಾನು ಹೀಗಂದರೆ ಕೆಲವು ವೈದ್ಯರಿಗೆ ಸಿಟ್ಟು ಬರುತ್ತದೆ. ಹೇಳಿದರೆ ಇಲ್ಲದ್ದೂ ಬರುತ್ತದೆ ಅನ್ನುತ್ತಾರೆ. ಅದು ಸುಳ್ಳಲ್ಲ. 2007ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನವೊಂದರಲ್ಲಿ, ಪ್ರಾಸ್ಟೇಟ್ ಊತಕ್ಕೇ ಕೊಡುವ ಇನ್ನೊಂದು ಔಷಧಿಯಾದ ಫಿನಾಸ್ಟೆರೈಡ್‌ನ ಲೈಂಗಿಕ ಅಡ್ಡಪರಿಣಾಮ ಮೊದಲೇ ತಿಳಿಸಿದವರಲ್ಲಿ ನೂರಕ್ಕೆ ಸುಮಾರು 44 ಜನ ತೊಂದರೆ ಹೇಳಿಕೊಂಡರು, ತಿಳಿಸದವರಲ್ಲಿ 15. ಆದರೆ ಹೇಳದೆ ಬಿಟ್ಟರೆ ಏನಾಗುತ್ತದೆ ಅನ್ನುವುದನ್ನು ನಾನು ಆ ಕರ್ಚೀಫಿನಲ್ಲಿ ನೋಡಿದೆ. ‘ಈ ವಯಸ್ಸಲ್ಲಿ ಅದೆಲ್ಲ ಯಾಕೆ’ ಅನ್ನುವವರ ಜೊತೆ ನಾನು ವಾದ ಮಾಡುವುದಿಲ್ಲ, ಸುಮ್ನೆ ಟೈಮ್ ವೇಸ್ಟ್.

ಮೇಷ್ಟ್ರಿಗೆ ಹೇಳಿದ್ದು ಎರಡೇ. ಮಾತ್ರೆಯನ್ನು ನೀವಾಗಿ ಬಿಡಬೇಡಿ. ಮೂತ್ರ ಪೂರ್ತಿ ಕಟ್ಟಿದರೆ ರಾತ್ರೋರಾತ್ರಿ ಕೊಳವೆ ಹಾಕಿಸಿಕೊಳ್ಳಬೇಕಾಗುತ್ತದೆ. ಡಾಕ್ಟರ ಹತ್ತಿರ ಬೇರೆ ಔಷಧಿ ಇದೆಯಾ ಕೇಳಿ, ಆಲ್ಫುಜೋಸಿನ್‌ನಲ್ಲಿ ಈ ತೊಂದರೆ ಕಡಿಮೆ. ಇನ್ನೊಂದು, ಇದನ್ನು ಈಗಲೇ ಹೆಂಡತಿಗೆ ಹೇಳಿ.

ಡುಟಾಸ್ಟೆರೈಡ್, ಫಿನಾಸ್ಟೆರೈಡ್ ತಗೊಳ್ಳುವವರ ಕಥೆ ಬೇರೆ. ಅವು ಹಾರ್ಮೋನಿನ ದಾರಿಯಲ್ಲಿ ಕೆಲಸ ಮಾಡುತ್ತವೆ. ಕೆಲವರಲ್ಲಿ ಆಸೆ, ಗಡಸುತನ ಎರಡೂ ಕಡಿಮೆಯಾಗುತ್ತವೆ, ಬಿಟ್ಟ ಮೇಲೂ ಸರಿಹೋಗಲು ಸಮಯ ಬೇಕು. ಪ್ರಾಸ್ಟೇಟ್ ಕ್ಯಾನ್ಸರಿನ ಸುಳಿವಿಗೆ ರಕ್ತದಲ್ಲಿ ನೋಡುವ ಪಿಎಸ್ಎ ಸಂಖ್ಯೆಯೂ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಆದ್ದರಿಂದ ರಕ್ತ ಪರೀಕ್ಷೆ ಬರೆಯುವವರಿಗೆ ಮಾತ್ರೆಯ ವಿಷಯ ತಿಳಿಸಲೇಬೇಕು. ಗಡಸುತನಕ್ಕೆ ಅಂತ ಗೆಳೆಯರು ಕೊಡುವ ‘ಶಕ್ತಿ ಮಾತ್ರೆ’ಯಂತೂ ಬೇಡವೇ ಬೇಡ. ಎದೆನೋವಿಗೆ ನೈಟ್ರೇಟ್ ತಗೊಳ್ಳುವವರಿಗೆ ಅದು ಪ್ರಾಣಕ್ಕೇ ಕುತ್ತಾಗಬಹುದು.

ಹೆಂಡತಿಯನ್ನು ಒಳಗೆ ಕರೆದೆವು. ಮೇಷ್ಟ್ರು ಆ ಚಿತ್ರವನ್ನು ಅವರ ಮುಂದಿಟ್ಟು, ಬೋರ್ಡಿನ ಮುಂದೆ ನಿಂತವರ ಹಾಗೆ ಬೆರಳಿಟ್ಟು ವಿವರಿಸಿದರು. ಅವರು ಪೂರ್ತಿ ಕೇಳಿದರು. “ಇದಕ್ಕೆ ಹಜಾರ ಯಾಕೆ ಬೇಕಿತ್ತು ರೀ?” ಅಂದರು.

ಎರಡು ತಿಂಗಳಾದ ಮೇಲೆ ಇಬ್ಬರೂ ಬಂದರು. ಔಷಧಿ ಬದಲಾಗಿತ್ತು. ಮೂತ್ರಕ್ಕೆ ರಾತ್ರಿ ಎರಡು ಸಲ ಏಳುತ್ತಾರಂತೆ. ‘ಅದು’ ಇನ್ನೂ ಮೊದಲಿನಷ್ಟು ಇಲ್ಲವಂತೆ. “ಪರವಾಗಿಲ್ಲ ಬಿಡಿ ಮೇಡಂ” ಅಂದದ್ದು ಅವರಲ್ಲ, ಅವರ ಹೆಂಡತಿ.