ಬ್ರಿಟನ್ನಿನ ವಲಸೆ ಬಂಧನ ಕೇಂದ್ರದಲ್ಲಿರುವ ತಮ್ಮನಿಗೆ: ಮೊದಲು ನಿಯಮ 35ರ ವರದಿ ಕೇಳಿ
ಚಿತ್ರಹಿಂಸೆಯ ಕಲೆಗಳಿದ್ದರೂ ನಿಮ್ಮ ತಮ್ಮನನ್ನು ಬಿಡದಿರಲು ಬಹುಶಃ ಕಾರಣ ಇದು: ಕೇಂದ್ರದ ವೈದ್ಯರು ‘ನಿಯಮ 35’ರ ವರದಿ, ಅಂದರೆ ಬಂಧಿತರು ಚಿತ್ರಹಿಂಸೆಗೆ ಒಳಗಾಗಿರಬಹುದು ಎಂದು ಗೃಹ ಇಲಾಖೆಗೆ ತಿಳಿಸುವ ವರದಿ, ಬರೆದಿಲ್ಲ. ನಿದ್ದೆ ಮಾತ್ರೆ ಕೊಟ್ಟು ಕಳಿಸಿದರೆ ಗೃಹ ಇಲಾಖೆಗೆ ವಿಷಯ ಮುಟ್ಟುವುದೇ ಇಲ್ಲ. ಮೊದಲು ನಿಮ್ಮ ತಮ್ಮನೇ ವೈದ್ಯರ ಭೇಟಿಯನ್ನು ಬರವಣಿಗೆಯಲ್ಲಿ ಕೇಳಲಿ, ‘ರೂಲ್ ಥರ್ಟಿಫೈವ್’ ಎಂಬ ಮಾತು ಅದರಲ್ಲಿರಲಿ. ದುಭಾಷಿಯೂ ಬೇಕೆನ್ನಲಿ; ಸಹಬಂದಿ ಬೇಡ, ಅಂಥವರ ಮುಂದೆ ಇಂಥ ನೋವು ಬಾಯಿಗೆ ಬರುವುದಿಲ್ಲ. ಅಂಗಿ ಬಿಚ್ಚಿ ಒಂದೊಂದು ಕಲೆಯನ್ನೂ ತೋರಿಸಲಿ. ನನ್ನ ಪರಿಚಯದವರೊಬ್ಬರು ಸಂಕೋಚದಿಂದ ಬೆನ್ನು ತೋರಿಸದೆ ಬಂದು, ಮತ್ತೆ ಹೋಗಬೇಕಾಯಿತು. ಸಾಯುವ ಯೋಚನೆ ಬರುತ್ತಿದ್ದರೆ ಖಂಡಿತ ಹೇಳಲಿ, ಅದಕ್ಕೂ ಪ್ರತ್ಯೇಕ ವರದಿಯಿದೆ. ವರದಿ ಬಂದರೂ ಬಿಡುಗಡೆ ಖಚಿತವಲ್ಲ. ಹಾಗಾಗಿ ಕಾಯುತ್ತಾ ಕೂರದೆ, ಕೇಂದ್ರದಲ್ಲೇ ಸಿಗುವ 30 ನಿಮಿಷದ ಉಚಿತ ಕಾನೂನು ಸಲಹೆಗೆ ಇವತ್ತೇ ಹೆಸರು ಬರೆಸಿ, ಜಾಮೀನು ಅರ್ಜಿ ಹಾಕಿಸಿ.