ಕಾಡುಹೂವಿಗೆ ಗೊಬ್ಬರ ಬೇಕೆ?

ಪ್ರಶ್ನೆ: ಮನೆಯ ಮುಂದಿನ ಹತ್ತು ಅಡಿ ಉದ್ದ, ಆರು ಅಡಿ ಅಗಲದ ಪಾತಿಯಲ್ಲಿ ಏಕವಾರ್ಷಿಕ ಕಾಡುಹೂಗಳನ್ನು ಬೆಳೆಸಬೇಕೆಂದು ಪಾಪಿ, ಕಾರ್ನ್‌ಫ್ಲವರ್, ಕಾಸ್ಮಾಸ್ ಬೆರೆತ ಬೀಜದ ಪೊಟ್ಟಣ ತರಿಸಿ, ಎರಡು ಮಂಕರಿ ಕೊಟ್ಟಿಗೆ ಗೊಬ್ಬರ ಹಾಕಿ, ಮೇ ತಿಂಗಳಲ್ಲಿ ಬಿತ್ತಿದೆ. ಕಾಸ್ಮಾಸ್ ಮಾತ್ರ ಆಳೆತ್ತರ ಬೆಳೆದು ಮಳೆಗೆ ನೆಲಕ್ಕೊರಗಿತು. ಬಿಟ್ಟ ಹೂವು ಬೆರಳೆಣಿಕೆಯಷ್ಟು. ತಪ್ಪಿದ್ದೆಲ್ಲಿ?
– ಓದುಗರೊಬ್ಬರು, ತುಮಕೂರು

ಉತ್ತರ: ತಪ್ಪು ಮೊದಲು ಪಂಚಾಂಗದಲ್ಲಿದೆ, ಆಮೇಲೆ ಮಂಕರಿಯಲ್ಲಿ. ಪಾಪಿ, ಕಾರ್ನ್‌ಫ್ಲವರ್‌ಗಳು ತಂಪು ಹವೆಯವು; ಬಯಲುಸೀಮೆಯಲ್ಲಿ ಅವನ್ನು ಅಕ್ಟೋಬರಿನಲ್ಲಿ ಬಿತ್ತಿದರೆ ಚಳಿಗಾಲದಲ್ಲಿ ಹೂವು ಕಾಣಬಹುದು. ಮೆಕ್ಸಿಕೋ ಮೂಲದ ಕಾಸ್ಮಾಸ್‌ಗೆ ನಮ್ಮ ಬಿಸಿಲು ಒಗ್ಗುತ್ತದೆ, ಆದರೆ ಮಣ್ಣಿನಲ್ಲಿ ಸಾರಜನಕ ಹೆಚ್ಚಾದರೆ ಅದು ಎಲೆ, ಕಾಂಡಗಳಿಗೇ ಶಕ್ತಿ ಸುರಿದು ಹೂವನ್ನು ಮರೆತುಬಿಡುತ್ತದೆ. ಕಾಡುಹೂವಿನ ಪಾತಿಗೆ ಗೊಬ್ಬರ ಬೇಡ.

ಪೊಟ್ಟಣದ ಬೀಜಕ್ಕಿಂತ ನಮ್ಮ ರಾಗಿ ಹೊಲದ ಬದುವಿನ ಹೂಗಳನ್ನೇ ನೆಚ್ಚಿಕೊಳ್ಳಿ ಎಂಬುದು ನನ್ನ ಸಲಹೆ. ಬಿಳಿಯ ಪುಟ್ಟ ತುಂಬೆ, ಗುಲಾಬಿ ತುದಿಯಿಂದ ಬುಡದತ್ತ ಬೆಳ್ಳಿಬಣ್ಣಕ್ಕೆ ತಿರುಗುವ ಅಣ್ಣೆಯ ತೆನೆ, ಇವೆರಡರ ಜೊತೆಗೆ ಒಂಟಿ ಸುತ್ತಿನ ಕರ್ಣಕುಂಡಲ ಇದ್ದರೆ ಅಷ್ಟು ಜಾಗಕ್ಕೆ ಸಾಕು. ಶಿವಪೂಜೆಗೆ ತುಂಬೆ, ಉಪ್ಸಾರಿಗೆ ಎಳೆಯ ಅಣ್ಣೆಸೊಪ್ಪು ಸಿಗುವುದು ಮೇಲಿನ ಲಾಭ. ಒಣಗಿದ ಅಣ್ಣೆ ತೆನೆಯನ್ನು ಕಾಗದದ ಮೇಲೆ ಕುಟ್ಟಿದರೆ ರಾಗಿಕಾಳಿನಷ್ಟೇ ಗಾತ್ರದ, ಮಿರಮಿರ ಮಿಂಚುವ ಕರಿಬೀಜ ಉದುರುತ್ತದೆ. ಕರ್ಣಕುಂಡಲದ ಕಾಯಿಯನ್ನು ಮಾತ್ರ ಅಂಗೈಯಲ್ಲಿ ಮುಚ್ಚಿ ಹಿಡಿದೇ ಕೀಳಬೇಕು. ಬಲಿತ ಕಾಯಿ ಬೆರಳು ತಾಕಿದೊಡನೆ ಸಿಡಿದು, ಸಿಪ್ಪೆ ಸುರುಳಿಯಾಗಿ, ಬೀಜ ಪಕ್ಕದ ಮನೆಯ ಅಂಗಳಕ್ಕೂ ಹಾರೀತು.

ಮುಂದಿನ ಮೃಗಶಿರಾ ಮಳೆಗೆ, ಅಂದರೆ ಜೂನ್ ಎರಡನೆಯ ವಾರದ ಹೊತ್ತಿಗೆ, ಪಾತಿಯ ಮೇಲ್ಮಣ್ಣನ್ನು ತೆಳುವಾಗಿ ಕೆದಕಿ, ಬೀಜಕ್ಕೆ ಐದಾರು ಪಟ್ಟು ಒಣಮರಳು ಬೆರೆಸಿ ಎರಚಿ, ಹಲಗೆಯಿಂದ ಒತ್ತಿಬಿಡಿ. ಇಷ್ಟು ಸಣ್ಣ ಬೀಜವನ್ನು ಆಳಕ್ಕೆ ಹೂಳಬಾರದು. ಅದೇ ದಿನ ಅದೇ ಬೀಜವನ್ನು ಒಂದೊಂದು ಕುಂಡದಲ್ಲಿಯೂ ಹಾಕಿಡಿ. ಹದಿನೈದು ದಿನಗಳ ಬಳಿಕ ಪಾತಿಯಲ್ಲಿ ಹತ್ತಾರು ಬಗೆಯ ಸಸಿಗಳು ಒಟ್ಟಿಗೆ ಎದ್ದಾಗ, ಉಳಿಸಬೇಕಾದದ್ದು ಯಾವುದು, ಕೀಳಬೇಕಾದದ್ದು ಯಾವುದು ಎಂಬುದನ್ನು ಕುಂಡ ನೋಡಿ ತೀರ್ಮಾನಿಸಬಹುದು. ಕಾಂಗ್ರೆಸ್ ಗಿಡದ ಸಸಿ ನೆಲಕ್ಕೆ ಅಂಟಿದಂತೆ ಸುತ್ತಲೂ ಎಲೆ ಹರಡಿಕೊಳ್ಳುತ್ತದೆ. ಕೈಗವಸು ತೊಟ್ಟು, ಹೂ ಬಿಡುವ ಮುನ್ನವೇ ಬೇರುಸಹಿತ ಕಿತ್ತುಹಾಕಿ. ಹೂವು ಮುಗಿದ ಗಿಡಗಳನ್ನು ಬೀಜ ಉದುರುವವರೆಗೂ ಹಾಗೆಯೇ ಬಿಡಿ. ಆ ಒಂದು ತಿಂಗಳು ಅಂಗಳ ಪಾಳುಬಿದ್ದಂತೆ ಕಾಣುತ್ತದೆ, ಮನೆಯವರಿಂದ ಮಾತು ಕೇಳಬೇಕಾಗುತ್ತದೆ. ಆದರೆ ಮರುವರ್ಷದ ಬಿತ್ತನೆ ಬಹುಮಟ್ಟಿಗೆ ತಾನೇ ಆಗಿರುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ನಮ್ಮ ಗುಡ್ಡದ ಜಂಬಿಟ್ಟಿಗೆ ಹಾಸಿನ ಮೇಲೆ ಅರಳುವ ಪುಟ್ಟ ನೇರಳೆ ಯುಟ್ರಿಕ್ಯುಲೇರಿಯಾ ಗಿಡಗಳನ್ನು ಕಿತ್ತುತಂದು ಕುಂಡದಲ್ಲಿ ನೆಡಬಹುದೇ?
– ಓದುಗರೊಬ್ಬರು, ಉತ್ತರ ಕನ್ನಡ

ಉತ್ತರ: ಬೇಡ. ಸತ್ವವಿಲ್ಲದ, ನೀರು ಜಿನುಗುವ ನೆಲದಲ್ಲಿ ಬದುಕುವ ಈ ಗಿಡ, ಮಣ್ಣಿನೊಳಗಿನ ಸೂಕ್ಷ್ಮ ಚೀಲಗಳಿಂದ ಕಣ್ಣಿಗೆ ಕಾಣದಂಥ ಜೀವಿಗಳನ್ನು ಹೀರಿ ಹಿಡಿದು ತನ್ನ ಪೋಷಣೆಯ ಕೊರತೆ ತುಂಬಿಕೊಳ್ಳುತ್ತದೆ. ಕುಂಡದ ಸತ್ವಯುತ ಮಣ್ಣು ಅದಕ್ಕೆ ಒಗ್ಗುವುದಿಲ್ಲ. ಕಿತ್ತ ಜಾಗದಲ್ಲಿ ಮುಂದಿನ ವರ್ಷದ ಬೀಜವೂ ಉಳಿಯುವುದಿಲ್ಲ. ಹಾಸಿನ ಅಂಚಿನಲ್ಲಿ ನಿಂತು ನೋಡಿ ಬನ್ನಿ.